ಹೈಡ್ರೋಜನ್ ಕ್ಲೋರೈಡ್‌ಗಿಂತ ಅಯೊಡೈಡ್‌ನ ಕುದಿಬಿಂದು ಯಾಕೆ ಜಾಸ್ತಿ? ತಲೆ ಕೆಟ್ಟಿದೆ, ಯಾರಾದರೂ ಹೇಳಿ

ನವನಗರ ಪಿಯು
ಫೆಬ್ರವರಿ 10, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ, ಪಿಯು ಸೈನ್ಸ್. ನಿನ್ನೆ ಟ್ಯೂಷನ್‌ನಲ್ಲಿ ಟೆಸ್ಟ್ ಇತ್ತು. ಹೈಡ್ರೋಜನ್ ಕ್ಲೋರೈಡ್, ಬ್ರೋಮೈಡ್, ಅಯೊಡೈಡ್ ಮೂರನ್ನೂ ಕುದಿಬಿಂದುವಿನ ಪ್ರಕಾರ ಜೋಡಿಸಿ, ಕಾರಣ ಬರೆಯಿರಿ ಅಂತ ಪ್ರಶ್ನೆ. ಕ್ಲೋರಿನ್ ಎಲೆಕ್ಟ್ರಾನ್‌ಗಳನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಹಾಗಾಗಿ ಆ ಅಣು ಜಾಸ್ತಿ ಧ್ರುವೀಯ (ಒಂದು ತುದಿ ಸ್ವಲ್ಪ ಋಣ, ಇನ್ನೊಂದು ಸ್ವಲ್ಪ ಧನ), ಹಾಗಾಗಿ ಅದರ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುತ್ತವೆ, ಅದರ ಕುದಿಬಿಂದುವೇ ಎಲ್ಲಕ್ಕಿಂತ ಮೇಲೆ. ಹೀಗೆ ಬರೆದೆ. ಸೊನ್ನೆ ಬಂತು.

ಮನೆಗೆ ಬಂದು ನೋಡಿದರೆ ಪೂರ್ತಿ ಉಲ್ಟಾ. ಕ್ಲೋರೈಡ್ ಮೈನಸ್ 85 ಡಿಗ್ರಿ, ಬ್ರೋಮೈಡ್ ಮೈನಸ್ 67, ಅಯೊಡೈಡ್ ಮೈನಸ್ 35. ಸರ್ ಅವರನ್ನು ಕೇಳಿದೆ. "ಅಯೊಡೈಡ್ ತೂಕ ಜಾಸ್ತಿ, ಅದಕ್ಕೆ" ಅಂದು ಮುಂದಿನ ಪಾಠಕ್ಕೆ ಹೋದರು. ಆದರೆ ಹೋದ ತಿಂಗಳು ಅವರೇ ಕೊಟ್ಟ ನೋಟ್ಸ್‌ನಲ್ಲಿ "ದ್ವಿಧ್ರುವ ಬಲ ಲಂಡನ್ ಬಲಕ್ಕಿಂತ ಪ್ರಬಲ" ಅಂತ ಅಡಿಗೆರೆ ಹಾಕಿಸಿ ಬರೆಸಿದ್ದಾರೆ. ದ್ವಿಧ್ರುವ ಬಲ ಅಂದರೆ ಧ್ರುವೀಯ ಅಣುಗಳ ನಡುವಿನ ಸೆಳೆತ. ಯಾವುದನ್ನು ನಂಬಲಿ?

ಇಂಡಿ ನಿಂಬೆ
ರಾತ್ರಿ 9:31

ತೂಕ ಜಾಸ್ತಿ ಇದ್ದವರು ಎದ್ದು ಹೋಗುವುದು ಕಷ್ಟ ಅಲ್ವಾ. ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ಮಾವನನ್ನು ನೋಡಿ. ಸರ್ ಹೇಳಿದ್ದೇ ಸರಿ.

ಬಿಎಸ್ಸಿ ಮೂರನೇ ಸೆಮ್
ರಾತ್ರಿ 9:48

ತೂಕದ ಲೆಕ್ಕ ಇಲ್ಲಿ ನಡೆಯಲ್ಲ. ಪೆಂಟೇನ್ ತಗೊಳ್ಳಿ. ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್, ಅಣುತೂಕ 72. ಸರಪಳಿ ಉದ್ದಕ್ಕಿದ್ದರೆ 36 ಡಿಗ್ರಿಗೆ ಕುದಿಯುತ್ತದೆ. ಅದೇ ಪರಮಾಣುಗಳನ್ನು ಉಂಡೆ ಕಟ್ಟಿದ ಹಾಗೆ ಜೋಡಿಸಿದರೆ ಅದು ನಿಯೋಪೆಂಟೇನ್, 9.5 ಡಿಗ್ರಿಗೇ ಕುದಿಯುತ್ತದೆ. ಒಂದು ಗ್ರಾಂ ತೂಕವೂ ಬದಲಾಗಿಲ್ಲ.

ಇನ್ನೊಂದು ಜೋಡಿ. ಡೆಕೇನ್ ತೂಕ 142, ಕುದಿಬಿಂದು 174 ಡಿಗ್ರಿ. ಸಲ್ಫರ್ ಹೆಕ್ಸಾಫ್ಲೋರೈಡ್ ತೂಕ 146, ಅಂದರೆ ಸ್ವಲ್ಪ ಜಾಸ್ತಿಯೇ. ಅದು ಮೈನಸ್ 64 ಡಿಗ್ರಿಯಲ್ಲೇ ಗಟ್ಟಿಯಿಂದ ಸೀದಾ ಅನಿಲವಾಗುತ್ತದೆ. ತೂಕವೇ ಕಾರಣವಾಗಿದ್ದರೆ ಹೀಗಾಗುತ್ತಿತ್ತಾ?

ಇಂಡಿ ನಿಂಬೆ
ರಾತ್ರಿ 9:50

ಮಾವನ ಕೇಸ್ ವಾಪಸ್ ತಗೊಂಡೆ.

ಹಳೇ ಮಾಸ್ತರ್, ಬೆಳಗಾವಿ
ಫೆಬ್ರವರಿ 11, ಬೆಳಿಗ್ಗೆ 6:15

ಮಗಳೇ, ನಿನ್ನ ತರ್ಕದಲ್ಲಿ ಮೊದಲ ಎರಡು ಹೆಜ್ಜೆ ಸರಿ ಇವೆ. ಕ್ಲೋರೈಡ್ ಹೆಚ್ಚು ಧ್ರುವೀಯ, ಅಯೊಡೈಡ್‌ನ ದ್ವಿಧ್ರುವ ಅದರ ಅರ್ಧಕ್ಕಿಂತ ಕಮ್ಮಿ. ನಾನಾಗಿದ್ದರೆ ಅಷ್ಟಕ್ಕೆ ಅರ್ಧ ಮಾರ್ಕ್ ಕೊಡುತ್ತಿದ್ದೆ. ಎಡವಿದ್ದು ಮೂರನೇ ಹೆಜ್ಜೆಯಲ್ಲಿ. ಅಣುಗಳ ನಡುವೆ ಇರುವುದು ಆ ಒಂದೇ ಸೆಳೆತ ಅಂದುಕೊಂಡೆ.

ಬೇಸಿಗೆಯಲ್ಲಿ ಓಣಿಗೆ ನೀರಿನ ಟ್ಯಾಂಕರ್ ಬರುತ್ತದಲ್ಲ, ಅದನ್ನು ನೆನೆಸಿಕೋ. ಟ್ರ್ಯಾಕ್ಟರ್ ಬ್ರೇಕ್ ಹಾಕಿದರೆ ಒಳಗಿನ ನೀರು ಮುಂದಕ್ಕೆ ನುಗ್ಗುತ್ತದೆ. ಒಂದು ಗಳಿಗೆ ಮುಂಭಾಗ ಭಾರ, ಮರುಗಳಿಗೆ ಹಿಂಭಾಗ. ಅಣುವಿನ ಎಲೆಕ್ಟ್ರಾನ್ ಮೋಡವೂ ಹೀಗೆ ಸದಾ ಕುಲುಕುತ್ತಿರುತ್ತದೆ. ಒಂದು ಕ್ಷಣ ಈ ಕಡೆ ಎಲೆಕ್ಟ್ರಾನ್ ದಟ್ಟ, ಈ ಕಡೆ ಸ್ವಲ್ಪ ಋಣ; ಆ ಕಡೆ ಸ್ವಲ್ಪ ಧನ. ಪಕ್ಕದ ಅಣುವಿನ ಮೋಡ ಅದಕ್ಕೆ ತಕ್ಕ ಹಾಗೆ ಸರಿಯುತ್ತದೆ, ಇಬ್ಬರಿಗೂ ಸೆಳೆತ ಹುಟ್ಟುತ್ತದೆ. ನಿನ್ನ ನೋಟ್ಸ್‌ನ ಲಂಡನ್ ಬಲ ಅಂದರೆ ಇದೇ. ಟ್ಯಾಂಕರ್ ಹೋಲಿಕೆ ಇಲ್ಲಿಗೆ ಮುಗಿಯಿತು. ಒಂದು ಟ್ಯಾಂಕರ್ ಕುಲುಕಿದರೆ ಪಕ್ಕದ್ದು ತಾಳ ಹಾಕುವುದಿಲ್ಲ, ಎಲೆಕ್ಟ್ರಾನ್‌ಗಳು ಹಾಕುತ್ತವೆ. ಅವಕ್ಕೆ ವಿದ್ಯುದಾವೇಶ ಇದೆ.

ಈಗ ಎಣಿಸು. ಕ್ಲೋರೈಡ್‌ನಲ್ಲಿ 18 ಎಲೆಕ್ಟ್ರಾನ್, ಬ್ರೋಮೈಡ್‌ನಲ್ಲಿ 36, ಅಯೊಡೈಡ್‌ನಲ್ಲಿ 54. ಅಯೊಡಿನ್‌ನ ಹೊರಗಿನ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ನಿಂದ ದೂರ, ಹಿಡಿತ ಸಡಿಲ. ಮೋಡ ದೊಡ್ಡದು, ಮೆತ್ತಗಿನದು, ಜಾಸ್ತಿ ಕುಲುಕುತ್ತದೆ. ಅದಕ್ಕೇ ಸೆಳೆತ ಜಾಸ್ತಿ. ತೂಕವೂ ಜೊತೆಜೊತೆಗೇ ಏರುವುದರಿಂದ ತೂಕದ ಮೇಲೆ ಹೊರೆ ಹಾಕಿ ಬಿಡುತ್ತೇವೆ, ಅಷ್ಟೇ.

ಇನ್ನೊಂದು ವಿಷಯ. ದ್ರವದಲ್ಲಿ ಅಣುಗಳು ಸುಮ್ನೆ ನಿಂತಿರುವುದಿಲ್ಲ, ಉರುಳುತ್ತಿರುತ್ತವೆ. ಕಾಯಂ ದ್ವಿಧ್ರುವಗಳು ಒಮ್ಮೆ ಎದುರುಬದುರಾಗಿ ಸೆಳೆಯುತ್ತವೆ, ಒಮ್ಮೆ ತಳ್ಳುತ್ತವೆ. ಬಹಳಷ್ಟು ವಜಾ ಆಗಿ ಸ್ವಲ್ಪ ಸೆಳೆತ ಉಳಿಯುತ್ತದೆ. ಲಂಡನ್ ಬಲಕ್ಕೆ ಈ ತೊಂದರೆ ಇಲ್ಲ, ಮುಖ ಯಾವ ಕಡೆ ಇದ್ದರೂ ಅದು ಸೆಳೆತವೇ. ನೀನು ಇಷ್ಟು ನಂಬಿದ ಹೈಡ್ರೋಜನ್ ಕ್ಲೋರೈಡ್‌ನಲ್ಲೂ ಒಟ್ಟು ಸೆಳೆತದ ಮುಕ್ಕಾಲು ಪಾಲಿಗಿಂತ ಜಾಸ್ತಿ ಲಂಡನ್ ಬಲದ್ದೇ.

ನವನಗರ ಪಿಯು
ಬೆಳಿಗ್ಗೆ 7:02

ಮಾಸ್ತರ್ ಥ್ಯಾಂಕ್ಸ್! ಹಾಗಾದರೆ ನೋಟ್ಸ್‌ನಲ್ಲಿರುವ ರೂಲ್ ತಪ್ಪಾ?

ಹಳೇ ಮಾಸ್ತರ್, ಬೆಳಗಾವಿ
ಬೆಳಿಗ್ಗೆ 7:20

ತಪ್ಪಲ್ಲ, ಅರ್ಧ ಬರೆಸಿದ್ದಾರೆ. "ಅಣುಗಳ ಗಾತ್ರ ಹೆಚ್ಚುಕಮ್ಮಿ ಒಂದೇ ಇದ್ದಾಗ" ಅಂತ ಮೊದಲು ಸೇರಿಸಿಕೋ. ಆಗ ಆ ರೂಲ್ ಎಷ್ಟು ಚೆಂದ ಕೆಲಸ ಮಾಡುತ್ತದೆ ನೋಡು. ಪ್ರೊಪೇನ್, ಡೈಮೀಥೈಲ್ ಈಥರ್, ಎಥನಾಲ್. ಮೂರರಲ್ಲೂ ಸರಿಯಾಗಿ 26 ಎಲೆಕ್ಟ್ರಾನ್. ಅಂದರೆ ಲಂಡನ್ ಬಲ ಹತ್ತಿರ ಹತ್ತಿರ ಸಮ. ಪ್ರೊಪೇನ್ ಮೈನಸ್ 42ಕ್ಕೆ ಕುದಿಯುತ್ತದೆ. ಈಥರ್‌ಗೆ ದ್ವಿಧ್ರುವವೂ ಇದೆ, ಮೈನಸ್ 24. ಎಥನಾಲ್‌ಗೆ ಹೈಡ್ರೋಜನ್ ಬಂಧವೂ ಇದೆ, ಸೀದಾ 78. ಮೂವತ್ತು ವರ್ಷ ಪಾಠ ಮಾಡಿದೆ, ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಇಂಡಿ ನಿಂಬೆ
ಬೆಳಿಗ್ಗೆ 8:05

ಲಂಡನ್ ಬಲ ಲಂಡನ್ನಿನಲ್ಲಿ ಸಿಕ್ಕಿದ್ದಾ?

ಹಳೇ ಮಾಸ್ತರ್, ಬೆಳಗಾವಿ
ಬೆಳಿಗ್ಗೆ 8:30

ಊರಲ್ಲ, ಅಡ್ಡಹೆಸರು. ನಮ್ಮ ಕಡೆ ಜಮಖಂಡಿ, ಮುಧೋಳ, ಬಾಗಲಕೋಟಿ ಅಂತ ಅಡ್ಡಹೆಸರು ಇರಲ್ವಾ, ಹಾಗೆ. ಫ್ರಿಟ್ಜ್ ಲಂಡನ್ ಜರ್ಮನಿಯವರು. 1930ರಲ್ಲಿ ಕ್ವಾಂಟಮ್ ಲೆಕ್ಕ ಹಾಕಿ ಈ ಸೆಳೆತ ಎಲ್ಲಿಂದ ಬರುತ್ತದೆ ಅಂತ ತೋರಿಸಿದರು. ಯಹೂದಿ ಆಗಿದ್ದರಿಂದ 1933ರಲ್ಲಿ ದೇಶ ಬಿಡಬೇಕಾಯಿತು.

ಅವರಿಗಿಂತ ಮೊದಲು ಹಾಲೆಂಡಿನ ವ್ಯಾನ್ ಡರ್ ವಾಲ್ಸ್. ಅನಿಲದ ಅಣುಗಳಿಗೂ ಗಾತ್ರ ಇದೆ, ಒಂದಕ್ಕೊಂದು ಸೆಳೆತ ಇದೆ ಅಂತ 1873ರಲ್ಲಿ ಪ್ರಬಂಧ ಬರೆದರು. ಬಡಗಿಯ ಮಗ, ಶಾಲೆ ಮಾಸ್ತರ್. ಲ್ಯಾಟಿನ್, ಗ್ರೀಕ್ ಓದಿರಲಿಲ್ಲ ಅಂತ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಆ ನಿಯಮ ಸಡಿಲವಾದ ಮೇಲೆ ಕೂತರು. 1910ರಲ್ಲಿ ಫಿಸಿಕ್ಸ್ ನೊಬೆಲ್ ಬಂತು. ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್ ಪಾಠದ ಮುಂದೆ ಅಳುವ ಹುಡುಗರಿಗೆ ನಾನು ಈ ಕಥೆ ತಪ್ಪದೇ ಹೇಳುತ್ತಿದ್ದೆ.

ರೊಟ್ಟಿ ಅಕ್ಕ
ಫೆಬ್ರವರಿ 11, ಮಧ್ಯಾಹ್ನ 2:40

ನಾನು ಬಿಎಸ್ಸಿ ಮುಗಿಸಿ ಹದಿನೆಂಟು ವರ್ಷ ಆಯಿತು, ಈಗ ಗೋಕಾಕದಲ್ಲಿ ರೊಟ್ಟಿ ಮಾಡಿ ಮಾರುತ್ತೇನೆ. ಒಂದು ಡೌಟ್. ನೀರು ಕುದಿಯುವಾಗ ಹೈಡ್ರೋಜನ್ ಬಂಧ ಬಿಡುತ್ತದೆ ಅಂತ ಓದಿದ್ದು ನೆನಪಿದೆ. ಅಂದರೆ ಹೈಡ್ರೋಜನ್ನೂ ಆಕ್ಸಿಜನ್ನೂ ಬೇರೆಯಾಗುತ್ತವೆ ಅಂತ ತಾನೇ?

ಬಿಎಸ್ಸಿ ಮೂರನೇ ಸೆಮ್
ಮಧ್ಯಾಹ್ನ 2:55

ಅಯ್ಯೋ ಇಲ್ಲ ಅಕ್ಕ. ಹಾಗಾಗಿದ್ದರೆ ನಿಮ್ಮ ಎಸರಿನ ಪಾತ್ರೆಯಿಂದ ಹೈಡ್ರೋಜನ್, ಆಕ್ಸಿಜನ್ ಎರಡೂ ಒಲೆಯ ಬೆಂಕಿ ಮೇಲೇ ಬರುತ್ತಿದ್ದವು. ಅಡುಗೆಮನೆ ಉಳಿಯುತ್ತಿರಲಿಲ್ಲ.

ಎರಡು ಬೇರೆ ಬೇರೆ. ಒಂದೇ ನೀರಿನ ಅಣುವಿನ ಒಳಗೆ ಆಕ್ಸಿಜನ್-ಹೈಡ್ರೋಜನ್ ನಡುವಿನದು ಗಟ್ಟಿ ಬಂಧ, ಅದನ್ನು ಬಿಡಿಸಲು ಮೋಲ್‌ಗೆ ಸುಮಾರು 460 ಕಿಲೋಜೂಲ್ ಬೇಕು. ಒಂದು ಅಣುವಿನ ಹೈಡ್ರೋಜನ್, ಪಕ್ಕದ ಅಣುವಿನ ಆಕ್ಸಿಜನ್, ಇವುಗಳ ನಡುವಿನದಕ್ಕೆ ಹೈಡ್ರೋಜನ್ ಬಂಧ ಅಂತ ಹೆಸರು. ಅದಕ್ಕೆ ಸುಮಾರು 20 ಸಾಕು. ಕುದಿಯುವಾಗ ಬಿಡುವುದು ಇದು. ಹೆಸರಿಟ್ಟವರು ನಮ್ಮನ್ನೆಲ್ಲ ಗೊಂದಲಕ್ಕೆ ಹಾಕಿದ್ದಾರೆ.

ರೊಟ್ಟಿ ಅಕ್ಕ
ಮಧ್ಯಾಹ್ನ 3:30

ಈಗ ತಿಳಿಯಿತು. ಹಾಗಾದರೆ ನನ್ನ ಕೆಲಸದಲ್ಲೂ ಇದೇ ನಡೆಯುತ್ತಿದೆ ಅನ್ನಿಸುತ್ತದೆ. ಗೋಧಿ ಹಿಟ್ಟನ್ನು ತಣ್ಣೀರಲ್ಲಿ ಕಲಸಬಹುದು, ಅದಕ್ಕೆ ತನ್ನದೇ ಜಿಗುಟು ಇದೆ. ಜೋಳದ ಹಿಟ್ಟಿಗೆ ಆ ಜಿಗುಟು ಇಲ್ಲ. ತಣ್ಣೀರು ಹಾಕಿ ತಟ್ಟಿದರೆ ಅಂಚು ಬಿರಿಯುತ್ತದೆ, ಎತ್ತಿದರೆ ಕೈಯಲ್ಲೇ ತುಂಡು. ಕೊತಕೊತ ಕುದಿಯುವ ಎಸರು ಹಿಟ್ಟಿನ ಕುಣಿಗೆ ಹಾಕಿ, ಎರಡು ನಿಮಿಷ ಬಿಟ್ಟು, ಬಿಸಿ ಇರುವಾಗಲೇ ನಾದಬೇಕು. ಕೈ ಸುಡುತ್ತದೆ, ಬೇರೆ ದಾರಿ ಇಲ್ಲ. ಹಿಟ್ಟು ಹೊಳಪು ಬಂದು ಬೆರಳಿಗೆ ಮೆತ್ತಿಕೊಂಡರೆ ರೊಟ್ಟಿ ಬಿರಿಯಲ್ಲ ಅಂತ ಅರ್ಥ. ಬಿಸಿಗೆ ಹಿಟ್ಟಿನೊಳಗಿನ ಏನೋ ಬಿಚ್ಚಿಕೊಳ್ಳುತ್ತದೆ ಅಲ್ವಾ?

ಹಳೇ ಮಾಸ್ತರ್, ಬೆಳಗಾವಿ
ಸಂಜೆ 5:10

ಸರಿಯಾಗಿ ಹಿಡಿದಿರಿ ತಂಗಿ. ಪಿಷ್ಟದ ಉದ್ದ ಸರಪಳಿಗಳು ಕಾಳಿನೊಳಗೆ ಒತ್ತೊತ್ತಾಗಿ ಕೂತಿರುತ್ತವೆ. ಒಂದಕ್ಕೊಂದು ಹೈಡ್ರೋಜನ್ ಬಂಧ, ಸಾವಿರಾರು. ತಣ್ಣೀರು ಅದರ ಮಧ್ಯೆ ನುಗ್ಗಲಾರದು. 70 ಡಿಗ್ರಿ ಆಸುಪಾಸಿನಲ್ಲಿ ಆ ಹಿಡಿತ ಸಡಿಲವಾಗುತ್ತದೆ, ನೀರಿನ ಅಣುಗಳು ಒಳಗೆ ಹೊಕ್ಕು ಸರಪಳಿಗಳ ಕೈ ಹಿಡಿಯುತ್ತವೆ. ಹಿಟ್ಟು ಉಬ್ಬಿ ಅಂಟಾಗುತ್ತದೆ. ಮರುದಿನ ರೊಟ್ಟಿ ಬಿರುಸಾಗುವುದಕ್ಕೆ ನೀರು ಆರುವುದು ಒಂದು ಕಾರಣ. ಸರಪಳಿಗಳು ನೀರನ್ನು ಬಿಟ್ಟು ಮತ್ತೆ ತಮ್ಮತಮ್ಮಲ್ಲೇ ಕೈ ಹಿಡಿಯುವುದು ಇನ್ನೊಂದು.

ಬಿಎಸ್ಸಿ ಮೂರನೇ ಸೆಮ್
ಫೆಬ್ರವರಿ 12, ಬೆಳಿಗ್ಗೆ 10:10

ಮಾಸ್ತರ್, ನಿಮ್ಮ ಎಲೆಕ್ಟ್ರಾನ್ ಎಣಿಕೆಗೆ ನನ್ನದೊಂದು ತಕರಾರು. ಹೋದ ತಿಂಗಳ ಚಳಿಗೆ ನಮ್ಮ ರೂಮಿನ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಯಿತು. ಪಕ್ಕದಲ್ಲೇ ಇದ್ದ ಊರಿನ ಗಾಣದ ಕುಸುಬಿ ಎಣ್ಣೆ ನೀರಿನ ಹಾಗೇ ಇತ್ತು. ಕೊಬ್ಬರಿ ಎಣ್ಣೆಯಲ್ಲಿ ಬಹುಪಾಲು 12 ಕಾರ್ಬನ್‌ನಂಥ ಗಿಡ್ಡ ಸರಪಳಿಗಳು. ಕುಸುಬಿಯಲ್ಲಿ 18 ಕಾರ್ಬನ್. ಎಲೆಕ್ಟ್ರಾನ್ ಜಾಸ್ತಿ ಇರುವುದು ಕುಸುಬಿಯಲ್ಲಿ. ನಿಮ್ಮ ಲೆಕ್ಕದಲ್ಲಿ ಕುಸುಬಿ ಎಣ್ಣೆಯೇ ಮೊದಲು ಗಟ್ಟಿಯಾಗಬೇಕಿತ್ತು!

ಹಳೇ ಮಾಸ್ತರ್, ಬೆಳಗಾವಿ
ಮಧ್ಯಾಹ್ನ 12:25

ಶಾಭಾಷ್. ಇಂಥ ತಕರಾರು ಕ್ಲಾಸಿನಲ್ಲಿ ವರ್ಷಕ್ಕೊಂದು ಬಂದರೆ ನನಗೆ ಹಬ್ಬವಾಗುತ್ತಿತ್ತು.

ಉತ್ತರ ನೀನೇ ಮೊನ್ನೆ ಕೊಟ್ಟಿದ್ದೀಯ, ಪೆಂಟೇನ್ ಹೇಳುವಾಗ. ಎಲೆಕ್ಟ್ರಾನ್ ಎಷ್ಟಿವೆ ಅನ್ನುವುದು ಒಂದು ಮಾತು. ಅವು ಪಕ್ಕದವರಿಗೆ ಎಷ್ಟು ಹತ್ತಿರ ಬರಲು ಸಾಧ್ಯ ಅನ್ನುವುದು ಇನ್ನೊಂದು. ಲಂಡನ್ ಬಲ ದೂರಕ್ಕೆ ಬಹಳ ಬೇಗ ಸಾಯುತ್ತದೆ. ದೂರ ಎರಡು ಪಟ್ಟಾದರೆ ಸೆಳೆತದ ಶಕ್ತಿ 64ನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮೈಗೆ ಮೈ ತಾಗಿ ಕೂರಬೇಕು.

ಕೊಬ್ಬರಿ ಎಣ್ಣೆಯ ಸರಪಳಿಗಳು ನೆಟ್ಟಗಿವೆ. ಕಟ್ಟಿಗೆ ಹೊರೆ ಹಾಗೆ ಒತ್ತಾಗಿ ಜೋಡಿಸಬಹುದು. ಕುಸುಬಿಯ ಮುಖ್ಯ ಆಮ್ಲ ಲಿನೋಲಿಯಿಕ್, ಅದರಲ್ಲಿ ಎರಡು ಕಡೆ ಜೋಡಿ ಬಂಧ, ಎರಡು ಕಡೆ ಸೊಟ್ಟ. ಸೊಟ್ಟ ಕಟ್ಟಿಗೆಯ ಹೊರೆ ಎಷ್ಟು ಬಿಗಿದರೂ ಮಧ್ಯೆ ಸಂದು. ಬರೀ 18 ಕಾರ್ಬನ್‌ನ ಆಮ್ಲಗಳನ್ನೇ ನೋಡು. ನೆಟ್ಟಗಿರುವ ಸ್ಟಿಯರಿಕ್ ಆಮ್ಲ 69 ಡಿಗ್ರಿಗೆ ಕರಗುತ್ತದೆ. ಒಂದು ಸೊಟ್ಟ ಇರುವ ಓಲಿಯಿಕ್ 13ಕ್ಕೆ. ಎರಡು ಸೊಟ್ಟ ಇರುವ ಲಿನೋಲಿಯಿಕ್ ಮೈನಸ್ 5ಕ್ಕೆ. ಎಲೆಕ್ಟ್ರಾನ್ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ.

ತಿಕೋಟಾ ದ್ರಾಕ್ಷಿ
ಫೆಬ್ರವರಿ 12, ರಾತ್ರಿ 8:45

ಮೂರು ದಿನದಿಂದ ಸುಮ್ನೆ ಓದುತ್ತಿದ್ದೆ. ಎಣ್ಣೆ ಮಾತು ಬಂತು, ಈಗ ನಾನೂ ಬಾಯಿ ಹಾಕುತ್ತೇನೆ. ವಿಜಯಪುರ ಕಡೆ ನಮ್ಮದು ದ್ರಾಕ್ಷಿ ತೋಟ. ಈಗ ಒಣದ್ರಾಕ್ಷಿ ಸೀಸನ್. ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಶಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಹಾಕಿ ಕದಡುತ್ತೇವೆ. ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ಗೊಂಚಲನ್ನು ಅದರಲ್ಲಿ ಕೆಲವು ನಿಮಿಷ ಅದ್ದಿ, ಶೆಡ್ಡಿನ ಬಲೆ ಮೇಲೆ ನೆರಳಲ್ಲಿ ಹರಡುತ್ತೇವೆ. ಎರಡು ವಾರದ ಆಸುಪಾಸಿಗೆ ಒಣಗುತ್ತದೆ. ಅದ್ದದೇ ಇಟ್ಟರೆ ಅದರ ಎರಡರಷ್ಟು ದಿನವಾದರೂ ಬೇಕು, ಅಷ್ಟರಲ್ಲಿ ಬಣ್ಣ ಕೆಡುತ್ತದೆ.

ದ್ರಾಕ್ಷಿ ಮೇಲೆ ಬೂದಿ ಮುಸುಕಿದಂಥ ಮೇಣದ ಪದರ ಇರುತ್ತದೆ, ಬೆರಳಲ್ಲಿ ಒರೆಸಿದರೆ ಹೊಳಪು ಬರುತ್ತದೆ. ಅದೇ ನೀರನ್ನು ಒಳಗೆ ಕಟ್ಟಿಹಾಕುವುದು. ನಮ್ಮಪ್ಪ ಹೇಳುವುದು, "ಆ ಔಷಧ ಮೇಣಾ ಸುಟ್ಟು ಹಾಕ್ತೈತಿ." ಎಲ್ಲರೂ ಹಾಗೇ ಹೇಳುತ್ತಾರೆ. ನಿಜವೇ?

ಹಳೇ ಮಾಸ್ತರ್, ಬೆಳಗಾವಿ
ರಾತ್ರಿ 9:30

ಅಪ್ಪನ ಅನುಭವಕ್ಕೆ ಕೈ ಮುಗಿಯುತ್ತೇನೆ, "ಸುಟ್ಟು" ಅನ್ನುವ ಮಾತೊಂದು ಬಿಟ್ಟು.

ಆ ಮೇಣ ಅಂದರೆ ಸಣ್ಣ ಸಣ್ಣ ಹಾಳೆಗಳು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಉದ್ದ ಕಾರ್ಬನ್ ಸರಪಳಿಗಳನ್ನು ಅಲ್ಲಿ ಹಿಡಿದಿಟ್ಟಿರುವುದು ಬಹುಪಾಲು ನಾವು ಮಾತಾಡುತ್ತಿರುವ ಲಂಡನ್ ಬಲವೇ. ನೀರಿನ ಅಣುವಿಗೆ ಅಲ್ಲಿ ಕೈ ಹಿಡಿಯುವವರು ಯಾರೂ ಇಲ್ಲ. ಹೈಡ್ರೋಜನ್ ಬಂಧಕ್ಕೆ ಜೊತೆ ಸಿಗದ ಜಾಗಕ್ಕೆ ನೀರು ಸುಲಭಕ್ಕೆ ಹೋಗಲ್ಲ. ಹಾಗಾಗಿ ಹಣ್ಣಿನೊಳಗೇ ಕೂತಿರುತ್ತದೆ.

ನಿಮ್ಮ ಡಿಪ್ಪಿಂಗ್ ಆಯಿಲ್‌ನಲ್ಲಿ ಮುಖ್ಯವಾಗಿ ಇರುವುದು ಈಥೈಲ್ ಓಲಿಯೇಟ್. ಓಲಿಯಿಕ್ ಆಮ್ಲದ ಮಗು, ಅದೇ ಸೊಟ್ಟ ಸರಪಳಿ. ಅದರ ಬಾಲಕ್ಕೂ ಮೇಣಕ್ಕೂ ಚೆನ್ನಾಗಿ ಹೊಂದುತ್ತದೆ, ಹಾಗಾಗಿ ಮೇಣದ ಹಾಳೆಗಳ ನಡುವೆ ನುಸುಳುತ್ತದೆ. ನೆಟ್ಟ ಕಟ್ಟಿಗೆಯ ಹೊರೆಯಲ್ಲಿ ಸೊಟ್ಟ ಕಟ್ಟಿಗೆ ತುರುಕಿದರೆ ಏನಾಗುತ್ತದೆ? ಹೊರೆ ಸಡಿಲ. ಆ ಸಂದಿನಲ್ಲಿ ನೀರಿಗೆ ದಾರಿ. ಕಾರ್ಬೊನೇಟ್ ಎಣ್ಣೆಯನ್ನು ನೀರಿನಲ್ಲಿ ಬೆರೆಸಿಡಲು, ಸಿಪ್ಪೆ ಮೇಲೆ ಹರಡಲು ಸಹಾಯ ಮಾಡುತ್ತದೆ.

ಮೇಣ ಎಲ್ಲೂ ಹೋಗಿಲ್ಲ ಅನ್ನುವುದಕ್ಕೆ ಪುರಾವೆ: ಅದ್ದಿದ ಹಣ್ಣನ್ನು ತೊಳೆದರೆ ಒಣಗುವ ವೇಗ ಮತ್ತೆ ಇಳಿಯುತ್ತದೆ. ಸುಟ್ಟುಹೋಗಿದ್ದರೆ ತೊಳೆದರೂ ತೊಳೆಯದಿದ್ದರೂ ಒಂದೇ ಆಗಬೇಕಿತ್ತು.

ತಿಕೋಟಾ ದ್ರಾಕ್ಷಿ
ರಾತ್ರಿ 9:52

ಹೋದ ಸಲ ಅಕಾಲ ಮಳೆಗೆ ಶೆಡ್ಡಿನ ಅಂಚಿನ ಸಾಲು ನೆನೆದಿತ್ತು. ಆ ಸಾಲು ಒಣಗಲೇ ಇಲ್ಲ, ತೇವದ ಗಾಳಿ ಕಾರಣ ಅಂದುಕೊಂಡಿದ್ದೆವು. ಒಳಗಿನ ಸಾಲುಗಳಿಗೂ ಅದೇ ಗಾಳಿ ಇತ್ತಲ್ಲ! ತಡೀರಿ, ಇದನ್ನು ಮಾಡಿಯೇ ನೋಡುತ್ತೇನೆ. ಮೂರು ಗೊಂಚಲು: ಒಂದು ಅದ್ದದ್ದು, ಒಂದು ಅದ್ದಿದ್ದು, ಒಂದು ಅದ್ದಿ ತೊಳೆದದ್ದು.

ನವನಗರ ಪಿಯು
ರಾತ್ರಿ 10:05

ಅಣ್ಣಾ, ಫಲಿತಾಂಶ ಇಲ್ಲೇ ಹಾಕಿ ಪ್ಲೀಸ್. ತೊಳೆದದ್ದು ನಿಧಾನ ಆಗುತ್ತದೆ ಅಂತ ನನ್ನ ಬೆಟ್.

ಇಂಡಿ ನಿಂಬೆ
ಫೆಬ್ರವರಿ 13, ಸಂಜೆ 6:30

ನನ್ನದೂ ಒಂದು ಸೀರಿಯಸ್ ಪ್ರಶ್ನೆ, ನಗಬೇಡಿ. ನಮ್ಮ ಗೋಡೆ ಮೇಲೆ ಹಲ್ಲಿ ಓಡಾಡುವುದೂ ಇದೇ ಬಲದಿಂದ ಅಂತ ಎಲ್ಲೋ ಓದಿದ್ದೆ. ಹೌದಾ? ಇಷ್ಟು ದುರ್ಬಲ ಬಲ ಹಲ್ಲಿಯನ್ನು ಹೊರುತ್ತದಾ?

ಬಿಎಸ್ಸಿ ಮೂರನೇ ಸೆಮ್
ಸಂಜೆ 7:15

ಹೌದು. ಟೋಕೆ ಅನ್ನುವ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಕೂದಲು, ಒಂದೊಂದು ಕೂದಲ ತುದಿ ಮತ್ತೆ ನೂರಾರು ಎಸಳಾಗಿ ಸೀಳಿರುತ್ತದೆ. ಎಸಳು ಎಷ್ಟು ಸಣ್ಣ ಅಂದರೆ ಗೋಡೆಯ ಅಣುಗಳಿಗೆ ಮೈ ತಾಗಿಸುತ್ತದೆ. ಅಮೆರಿಕದ ಕೆಲ್ಲರ್ ಆಟಮ್ ಮತ್ತು ಜೊತೆಗಾರರು 2002ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಹಿಡಿತ ನೀರಿನ ಅಂಟಿನಿಂದ ಬರುವುದಾದರೆ ನೀರು ನಿಲ್ಲದ ಮೇಲ್ಮೈ ಮೇಲೆ ಹಲ್ಲಿ ಜಾರಬೇಕು. ಜಾರಲಿಲ್ಲ, ನೀರು ನಿಲ್ಲುವ, ನಿಲ್ಲದ ಎರಡು ಥರದ ಮೇಲ್ಮೈಗೂ ಅಷ್ಟೇ ಗಟ್ಟಿ ಅಂಟಿತು. ಕಾಲು ಕೀಳಬೇಕಾದರೆ ಕೂದಲ ಕೋನ ಬದಲಿಸುತ್ತದೆ, ಸಲೀಸಾಗಿ ಬಿಡುತ್ತದೆ.

ಒಣ ಟೆಫ್ಲಾನ್ ಮೇಲೆ ಮಾತ್ರ ಜಾರುತ್ತದೆ. ಫ್ಲೋರಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಜಿಪುಣನ ಹಾಗೆ ಹಿಡಿದಿರುತ್ತದೆ, ಮೋಡ ಕುಲುಕಲ್ಲ. ಮೊನ್ನೆ ಹೇಳಿದ ಸಲ್ಫರ್ ಹೆಕ್ಸಾಫ್ಲೋರೈಡ್ ಅಷ್ಟು ತೂಕ ಇದ್ದರೂ ಅನಿಲವಾಗಿರುವುದಕ್ಕೆ ಇದೇ ಕಾರಣ.

ಇಂಡಿ ನಿಂಬೆ
ಸಂಜೆ 7:20

ಇದನ್ನು ಟೈಪ್ ಮಾಡುವಾಗಲೇ ನಮ್ಮ ಗೋಡೆದು ಲೊಚಗುಟ್ಟಿತು. ಸತ್ಯ ಅಂತಾಯಿತು.

ನವನಗರ ಪಿಯು
ಫೆಬ್ರವರಿ 17, ರಾತ್ರಿ 9:00

ಅದೇ ಪ್ರಶ್ನೆಗೆ ಮತ್ತೆ ಉತ್ತರ ಬರೆದಿದ್ದೇನೆ. ಮಾಸ್ತರ್ ನೋಡಿ: "ಕುದಿಬಿಂದು: ಕ್ಲೋರೈಡ್ < ಬ್ರೋಮೈಡ್ < ಅಯೊಡೈಡ್. ದ್ವಿಧ್ರುವ ಈ ಕ್ರಮದಲ್ಲಿ ಕಮ್ಮಿಯಾದರೂ ಎಲೆಕ್ಟ್ರಾನ್ ಸಂಖ್ಯೆ 18, 36, 54 ಎಂದು ಏರುತ್ತದೆ. ಎಲೆಕ್ಟ್ರಾನ್ ಮೋಡ ಸುಲಭವಾಗಿ ವಿರೂಪಗೊಳ್ಳುತ್ತದೆ, ಲಂಡನ್ ಬಲ ಹೆಚ್ಚುತ್ತದೆ. ಆದ್ದರಿಂದ ಬಂಧ ಮುರಿಯಲು ಹೆಚ್ಚು ಶಾಖ ಬೇಕು."

ಹಳೇ ಮಾಸ್ತರ್, ಬೆಳಗಾವಿ
ರಾತ್ರಿ 9:14

ಕೊನೆ ಸಾಲಿನಲ್ಲಿ "ಬಂಧ ಮುರಿಯಲು" ಹೊಡೆದು ಹಾಕು. "ಅಣುಗಳನ್ನು ಒಂದರಿಂದೊಂದು ಬೇರ್ಪಡಿಸಲು" ಅಂತ ಬರೆ. ಹೈಡ್ರೋಜನ್-ಅಯೊಡಿನ್ ಬಂಧ ಕುದಿಯುವಾಗ ಮುರಿಯಲ್ಲ. ಅದೊಂದು ಪದಕ್ಕೆ ಮೌಲ್ಯಮಾಪಕರು ಕೆಂಪು ಪೆನ್ ಎತ್ತುತ್ತಾರೆ, ನಾನೂ ಎತ್ತಿದ್ದೇನೆ. ಉಳಿದದ್ದಕ್ಕೆ ಪೂರ್ತಿ ಮಾರ್ಕ್ಸ್.

ತಿಕೋಟಾ ದ್ರಾಕ್ಷಿ
ಫೆಬ್ರವರಿ 21, ಸಂಜೆ 6:50

ಮೂರು ಗೊಂಚಲು, ಎಂಟು ದಿನ, ಒಂದೇ ಬಲೆ ಮೇಲೆ. ಅದ್ದಿದ್ದು ಸುಕ್ಕಾಗಿ ಹಸಿರು-ಹಳದಿಗೆ ತಿರುಗಿದೆ, ಒತ್ತಿದರೆ ಮೆತ್ತಗೆ ಜಿಗಿಯುತ್ತದೆ. ಅದ್ದದ್ದು ಇನ್ನೂ ದುಂಡಗೆ, ತೊಟ್ಟಿನ ಹತ್ತಿರ ಮಾತ್ರ ಸ್ವಲ್ಪ ಕುಗ್ಗಿದೆ. ಅದ್ದಿ ಎರಡು ನೀರಲ್ಲಿ ತೊಳೆದದ್ದು ಇವೆರಡರ ಮಧ್ಯೆ, ಆದರೆ ನೋಡಿದ ಯಾರಾದರೂ ಅದನ್ನು ಅದ್ದದ್ದರ ಪಕ್ಕವೇ ಇಡುತ್ತಾರೆ.

ಅಪ್ಪನನ್ನು ಕರೆದು ತೋರಿಸಿದೆ. ಮೂರನ್ನೂ ಒತ್ತಿ ನೋಡಿದರು. ತೊಳೆದ ಗೊಂಚಲು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಸುಟ್ಟಿದ್ರ ತೊಳದ ಮ್ಯಾಲ ಮೇಣ ಎಲ್ಲಿಂದ ಬಂತು?"